ಕೊನೆಯ ಮನೆ ಮೊದಲು ಒಳಗೆ

(ಇಬ್ಬರೂ ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುವ ಗಾಡಿ ಓಡಿಸುವವರು. ಒಬ್ಬ ಹಳಬ, ಸ್ಟಿಯರಿಂಗ್ ಹಿಡಿಯುವ ಮುಂಚೆ ರಾತ್ರಿ ಪಾಳಿಯಲ್ಲಿ ಲೋಡಿಂಗ್ ಮಾಡಿದವನು. ಇನ್ನೊಬ್ಬ ಬಿ.ಕಾಂ. ಮುಗಿಸಿ ಈಚೆಗೆ ಸೇರಿದ ಹೊಸಬ. ಬನಶಂಕರಿ ಎರಡನೇ ಹಂತ, ಮಧ್ಯಾಹ್ನದ ಹೊತ್ತು.)

ಹೊಸಬ: ಅಣ್ಣ, ಒಂದು ನಿಮಿಷ ಇಲ್ಲಿ ಬಂದು ನೋಡಿ. ಅಂಗೈಯಗಲದ ಪೊಟ್ಟಣ, ಮೊಬೈಲ್ ಕವರ್ ಇರಬೇಕು. ಗಾಡಿಯಲ್ಲಿದೆ ಅಂತ ಆ್ಯಪ್ ಹೇಳ್ತಿದೆ. ಆ ಮನೆ ಅಮ್ಮ ಗೇಟ್ ಹತ್ರ ನಿಂತು ‘ಸಿಕ್ತೇನಪ್ಪಾ?’ ಅಂತ ಕೇಳಿ ಕೇಳಿ ಒಳಗೆ ಹೋದ್ರು.

ಹಳಬ: ಡೋರ್ ತೆಗಿ, ನೋಡೋಣ. ಅಯ್ಯೋ, ಇದೇನಿದು! ಮುಂದುಗಡೆ ವಾಷಿಂಗ್ ಪೌಡರ್ ಪೆಟ್ಟಿಗೆ ಸೂರಿನವರೆಗೂ ಏರಿಸಿದ್ದಾರೆ. ಹಿಂದೆ ಫ್ಯಾನು, ಅದಕ್ಕೆ ಒರಗಿಸಿ ಟ್ರೆಡ್‌ಮಿಲ್ಲು. ಆ ನೀರಿನ ಫಿಲ್ಟರ್ ಪೆಟ್ಟಿಗೆ ಮೇಲಿನ ಬಾಣದ ಗುರುತು ನೋಡು, ನೆಲ ತೋರಿಸ್ತಿದೆ. ಗಾಜಿನ ಲೋಟದ ಗುರುತು ಇರೋ ಡಬ್ಬದ ಮೇಲೆ ಅಕ್ಕಿ ಮೂಟೆ. ನಿನ್ನ ಪೊಟ್ಟಣ ಇದರಲ್ಲಿ ಎಲ್ಲಿ ಅಂತ ಹುಡುಕ್ತೀಯ?

ಹೊಸಬ: ಅದಕ್ಕೇ ತಲೆ ಕೆಟ್ಟಿರೋದು. ನಾಳೆ ಬೆಳಿಗ್ಗೆ ಆ ಲೋಡಿಂಗ್ ಹುಡುಗರಿಗೆ ನಾಲ್ಕು ಮಾತು ಅನ್ನದೆ ಬಿಡಲ್ಲ. ಎಸೆದಿದ್ದಾರೆ ಅಣ್ಣ, ಇಟ್ಟಿಲ್ಲ.

ಹಳಬ: ಅನ್ನು. ನಾಡಿದ್ದು ಇನ್ನೂ ಜೋರಾಗಿ ಎಸೀತಾರೆ. ಆ ಪಾಳಿ ನಾನು ಮಾಡಿದೀನಿ, ಕೇಳು. ಹೊಸಕೋಟೆ, ಮಾಲೂರು, ನೆಲಮಂಗಲದ ಗೋಡೌನ್‌ಗಳಿಂದ ನಮ್ಮ ಹಬ್‌ಗೆ ರಾತ್ರಿ ಲಾರಿ ಬರುತ್ತೆ. ಚೀಲ ಬಿಚ್ಚಬೇಕು, ಸ್ಕ್ಯಾನ್ ಮಾಡಬೇಕು, ಪಿನ್‌ಕೋಡ್ ನೋಡಿ ರೂಟ್‌ಗೊಂದು ರಾಶಿ ಹಾಕಬೇಕು, ಆಮೇಲೆ ಗಾಡಿಗೆ ಏರಿಸಬೇಕು. ನಾಲ್ಕಕ್ಕೆ ಬರಬೇಕಾದ ಲಾರಿ ಆರಕ್ಕೆ ಬಂತು ಅಂತಿಟ್ಕೋ. ನಮ್ಮ ಗಾಡಿ ಹೊರಡೋ ಹೊತ್ತು ಮುಂದಕ್ಕೆ ಹೋಗುತ್ತಾ? ಇಲ್ಲ. ಸ್ಕ್ಯಾನ್ ಬಿಡೋ ಹಾಗಿಲ್ಲ, ರಾಶಿ ಹಾಕೋದು ಬಿಡೋ ಹಾಗಿಲ್ಲ. ಹೋದ ಎರಡು ಗಂಟೆಯನ್ನ ಲೋಡಿಂಗ್‌ನಲ್ಲೇ ಉಳಿಸಬೇಕು. ಉಳಿಸ್ತಾರೆ, ಹೀಗೆ.

ಹೊಸಬ: ಅವಸರ ಇದ್ರೂ ನಂಬರ್ ನೋಡಿ ಇಡಬಹುದಲ್ಲ? ಒಂದೊಂದರ ಮೇಲೂ ಸ್ಟಾಪ್ ನಂಬರಿನ ಚೀಟಿ ಇದೆಯಲ್ಲ.

ಹಳಬ: ಆ ಚೀಟಿ ಅಂಟಿಸಿದ್ದು ಮೊದಲ ಲಾರಿ ಬಂದಾಗ. ಕೊನೆ ಲಾರಿಯ ಪಾರ್ಸೆಲ್‌ಗಳು ನಿನ್ನ ರೂಟ್‌ಗೆ ಸೇರಿದ ಕೂಡ್ಲೇ ನಮ್ಮ ಆ್ಯಪ್ ದಾರೀನ ಮತ್ತೆ ಲೆಕ್ಕ ಹಾಕುತ್ತೆ. ಹನ್ನೆರಡನೇ ಮನೆ ನಲವತ್ತನೇದಾಗುತ್ತೆ, ಚೀಟಿ ಮೇಲೆ ಹನ್ನೆರಡೇ ಉಳಿಯುತ್ತೆ. ಆ ಹುಡುಗ ನಂಬರ್ ನೋಡಿ ಇಟ್ರೂ ತಪ್ಪು, ನೋಡದೆ ಇಟ್ರೂ ತಪ್ಪು. ಇನ್ನೊಂದು ವಿಷಯ. ಅವನು ಬನಶಂಕರಿ ನೋಡೇ ಇಲ್ಲ. ಯಾವುದೋ ಜಿಲ್ಲೆಯಿಂದ, ಯಾವುದೋ ರಾಜ್ಯದಿಂದ ಬಂದು ಹಬ್ ಪಕ್ಕದ ರೂಮಲ್ಲಿ ಇದ್ದಾನೆ. ಒಂಬತ್ತನೇ ಕ್ರಾಸ್ ಆದ್ಮೇಲೆ ಒಂಬತ್ತನೇ ಎ ಕ್ರಾಸ್ ಇದೆ, ಅದಕ್ಕೆ ಗಾಡಿ ಆ ಕಡೆಯಿಂದಲೇ ಹೋಗಬೇಕು ಅಂತ ಅವನಿಗೆ ಯಾರು ಹೇಳಿದ್ದಾರೆ?

ಹೊಸಬ: ಪಿನ್‌ಕೋಡ್ ಇದೆಯಲ್ಲ?

ಹಳಬ: ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. 560 ಅಂದ್ರೆ ಬೆಂಗಳೂರು, ಆಮೇಲಿನ ಮೂರು ಅಂಕಿ ಅಂದ್ರೆ ಬಟವಾಡೆ ಮಾಡೋ ಪೋಸ್ಟ್ ಆಫೀಸು. 560070 ನಮ್ಮನ್ನ ಬನಶಂಕರಿ ಎರಡನೇ ಹಂತದವರೆಗೆ ತಂದು ಬಿಡುತ್ತೆ, 560085 ಮೂರನೇ ಹಂತದವರೆಗೆ. ಅಲ್ಲಿಂದ ಮನೆ ಬಾಗಿಲವರೆಗಿನ ದಾರಿ ಅದಕ್ಕೆ ಗೊತ್ತಿಲ್ಲ. ಅದು ಪೋಸ್ಟ್‌ಮ್ಯಾನ್ ತಲೆಯಲ್ಲಿತ್ತು. ನಮ್ಮಪ್ಪ ಪೋಸ್ಟ್‌ಮ್ಯಾನ್ ಆಗಿದ್ರು. ಬೆಳಿಗ್ಗೆ ಕಾಗದದ ಕಟ್ಟು ಕೈಗೆ ಬಂದ ತಕ್ಷಣ ಬೀದಿಗೆ ಇಳೀತಿರಲಿಲ್ಲ. ಮೇಜಿನ ಮುಂದೆ ಕೂತು ತಮ್ಮ ಬೀಟಿನಲ್ಲಿ ಯಾವ ಮನೆ ಮೊದಲು, ಯಾವುದು ಆಮೇಲೆ, ಆ ಕ್ರಮಕ್ಕೆ ಜೋಡಿಸ್ಕೋತಿದ್ರು. ಬೀದಿಯಲ್ಲಿ ನಿಂತು ಕಟ್ಟು ಕೆದಕಿದ್ದನ್ನ ನಾನು ನೋಡಿಲ್ಲ.

ಹೊಸಬ: ಈಗ ಡಿಜಿಪಿನ್ ಅಂತ ಬಂದಿದೆ. ಅಂಚೆ ಇಲಾಖೆಯೇ 2025ರಲ್ಲಿ ಬಿಟ್ಟಿದೆ. ಹತ್ತು ಅಕ್ಷರದ ಕೋಡು, ಇಡೀ ದೇಶಾನ ನಾಲ್ಕು ಮೀಟರ್ ಚೌಕಗಳಾಗಿ ಹೆಚ್ಚಿದ್ದಾರೆ. ಗೇಟು ಯಾವುದು ಅಂತಲೇ ಗೊತ್ತಾಗಿಬಿಡುತ್ತೆ.

ಹಳಬ: ಬರಲಿ, ಒಳ್ಳೇದೇ. ಗೇಟು ಸಿಗುತ್ತೆ. ಗಾಡಿಯೊಳಗಿನ ಪೊಟ್ಟಣ ಎಲ್ಲಿದೆ ಅಂತ ಹೇಳೋ ಕೋಡ್ ಬಂದಾಗ ನನಗೆ ತಿಳಿಸು.

ಹೊಸಬ: ನಗಬೇಡಿ ಅಣ್ಣ. ಮೊದಲ ಮೂರು ಮನೆಯ ಸಾಮಾನು ಕ್ಯಾಬಿನ್ ಗೋಡೆಗೆ ಅಂಟಿಕೊಂಡಿದೆ, ಸಂಜೆ ಕೊಡೋದು ಡೋರ್ ಹತ್ರ ಇದೆ.

ಹಳಬ: ಮೊದಲ ಸ್ಟಾಪಿನಲ್ಲಿ ಇಳಿಯೋನು ತುಂಬಿದ ಬಸ್ಸಿನ ಹಿಂದಿನ ಸೀಟಿನ ಕಿಟಕಿ ಪಕ್ಕ ಕೂತ ಹಾಗೆ. ಲೋಡಿಂಗ್‌ನಲ್ಲಿ ಇರೋದೇ ಒಂದು ನಿಯಮ: ಕೊನೆಯ ಮನೆ ಮೊದಲು ಒಳಗೆ, ಮೊದಲ ಮನೆ ಕೊನೆಗೆ ಒಳಗೆ. ಆದ್ರೆ ಲಾರಿಯಿಂದ ಇಳಿಯೋ ಸಾಮಾನು ಈ ಕ್ರಮದಲ್ಲಿ ಇಳಿಯಲ್ಲ. ಹೇಗೆ ಬಂತೋ ಹಾಗೆ ತುಂಬಿದ್ರೆ ಯಾವುದು ಮೊದಲು ಕೈಗೆ ಸಿಕ್ತೋ ಅದು ಗಾಡಿಯ ಹೊಟ್ಟೆ ಸೇರುತ್ತೆ.

ಹೊಸಬ: ಸಾಮಾನೂ ಜಾಸ್ತಿ ಹಾಕ್ತಾರೆ.

ಹಳಬ: ತೂಕ ನೋಡಿದ್ರೆ ಜಾಸ್ತಿ ಅಲ್ಲ, ಅಲ್ಲೇ ಇರೋದು ಮೋಸ. 2005ರಲ್ಲಿ ಟಾಟಾ ಏಸ್ ಬಂದಾಗ ಅದು ಮುಕ್ಕಾಲು ಟನ್ ಹೊರೋ ಗಾಡಿ. ಸಿಮೆಂಟ್ ಮೂಟೆ ಹಾಕಿದ್ರೆ ಹದಿನೈದಕ್ಕೆ ತೂಕ ಮುಗೀತು, ಗಾಡಿ ಅರ್ಧ ಖಾಲಿ ಕಾಣುತ್ತೆ. ಪಾರ್ಸೆಲ್ ಹಾಗಲ್ಲ. ದಿಂಬು, ಬಕೆಟ್ಟು, ಶೂ ಡಬ್ಬ, ಎಲ್ಲ ಗಾಳಿ. ತೂಕ ಅರ್ಧ ಆಗೋದರೊಳಗೆ ಜಾಗ ಮುಗಿದಿರುತ್ತೆ. ಅದಕ್ಕೇ ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದ ಲೆಕ್ಕಕ್ಕೆ ದುಡ್ಡು ಹಾಕೋದು. ಜಾಗಕ್ಕೆ ಬೆಲೆ ಇದೆ ಅಂತ ಅವರಿಗೆ ಗೊತ್ತು. ನಾವು ಒಳಗೆ ನಡೆಯೋಕೆ ಒಂದಡಿ ಜಾಗ ಬೇಕು ಅಂದ್ರೆ ಮಾತ್ರ ಅದು ವೇಸ್ಟ್ ಜಾಗ.

ಹೊಸಬ: ಸರಿ, ನೀವು ಏನು ಮಾಡ್ತೀರಿ ಹೇಳಿ. ನಿಮ್ಮ ಗಾಡೀನೂ ಅದೇ ಹುಡುಗರು ತಾನೇ ತುಂಬೋದು?

ಹಳಬ: ತುಂಬಕ್ಕೆ ಬಿಡ್ತೀನಿ, ಡೋರ್ ಹಾಕಕ್ಕೆ ಬಿಡಲ್ಲ. ಮೊದಲು ಮೊಬೈಲಲ್ಲಿ ಲಿಸ್ಟ್ ತೆಗೆದು ನೋಡ್ತೀನಿ. ಒಂದರಿಂದ ತೊಂಬತ್ತರವರೆಗೆ ನಂಬರ್ ಪ್ರಕಾರ ಜೋಡಿಸೋ ಹುಚ್ಚಿಗೆ ಹೋಗಬೇಡ, ಬೆಳಗ್ಗೆಯೆಲ್ಲ ಅದೇ ಆಗುತ್ತೆ. ಏರಿಯಾ ಲೆಕ್ಕದಲ್ಲಿ ನಾಲ್ಕೈದು ಗುಂಪು ಮಾಡು. ಬಿಡಿಎ ಕಾಂಪ್ಲೆಕ್ಸ್ ಸುತ್ತಮುತ್ತ ಒಂದು, ದೇವಸ್ಥಾನದ ಕಡೆ ಒಂದು, ಹೀಗೆ. ಗುಂಪಿನೊಳಗೆ ಹಿಂದೆ ಮುಂದೆ ಆದ್ರೂ ಅಡ್ಡಿಯಿಲ್ಲ. ಇಪ್ಪತ್ತರಲ್ಲಿ ಒಂದನ್ನ ಕಣ್ಣೇ ಹುಡುಕುತ್ತೆ, ತೊಂಬತ್ತರಲ್ಲಿ ಒಂದನ್ನ ಕೈ ಹುಡುಕಬೇಕು.

ಹೊಸಬ: ಚಿಕ್ಕ ಚಿಕ್ಕ ಕವರ್‌ಗಳು?

ಹಳಬ: ಅವು ಹಿಂದಕ್ಕೆ ಹೋಗಲೇಬಾರದು. ತರಕಾರಿ ಕ್ರೇಟ್ ಒಂದು ತಗೊಂಡು ಪಕ್ಕದ ಸೀಟಿನ ಮೇಲಿಡು. ಚಿಕ್ಕವನ್ನ ಮಾತ್ರ ನಂಬರ್ ಪ್ರಕಾರ ನಿಲ್ಲಿಸಿ ಜೋಡಿಸು, ಅಪ್ಪ ಕಾಗದ ಜೋಡಿಸ್ತಿದ್ದ ಹಾಗೇ. ನಿನ್ನ ಅರ್ಧ ಡೆಲಿವರಿ ಹಿಂದಿನ ಡೋರ್ ತೆಗೆಯದೇ ಮುಗಿಯುತ್ತೆ. ದೊಡ್ಡ ಪೆಟ್ಟಿಗೆಗಳ ಮೇಲೆ ಮಾರ್ಕರ್‌ನಲ್ಲಿ ಹೊಸ ನಂಬರು ಬರಿ. ಎರಡು ಮೂರು ಮುಖಕ್ಕೆ ಬರಿ. ಒಂದೇ ಮುಖಕ್ಕೆ ಬರೆದ್ರೆ ಆ ಮುಖವೇ ಗೋಡೆ ಕಡೆ ತಿರುಗಿರುತ್ತೆ, ಅದೇನು ಮಾಯೆಯೋ.

ಹೊಸಬ: ಭಾರದ್ದು?

ಹಳಬ: ಅದು ಕೆಳಗೆ, ಕ್ಯಾಬಿನ್ ಕಡೆಗೆ. ಹಿಂದಿನ ಆಕ್ಸಲ್‌ನಿಂದ ಆಚೆ ಡೋರ್ ಹತ್ರ ಭಾರ ಹಾಕಿದ್ರೆ ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗುತ್ತೆ, ಸ್ಟಿಯರಿಂಗ್ ಹಗುರ ಆಗುತ್ತೆ. ಫ್ಲೈಓವರ್ ಹತ್ತೋವಾಗ, ಹಂಪ್ ಹಾರೋವಾಗ ಗಾಡಿ ನಿನ್ನ ಮಾತು ಕೇಳಲ್ಲ. ಹಾಗಂತ ಕ್ಯಾಬಿನ್ ಕಡೆ ಮೇಲೆ ಪೇರಿಸಿದ್ರೆ ಬ್ರೇಕ್ ಹಾಕಿದ ತಕ್ಷಣ ಎಲ್ಲ ಮುಂದಕ್ಕೆ ಉರುಳುತ್ತೆ. ನೆಲದ ಮೇಲೇ ಇರಬೇಕು.

ಹೊಸಬ: ಭಾರದ್ದೇ ಮೊದಲ ಡೆಲಿವರಿ ಆಗಿದ್ರೆ? ಆ ಟ್ರೆಡ್‌ಮಿಲ್ ಮೂರನೇ ಸ್ಟಾಪು. ಅದರ ಮನೆಗೆ ಎರಡು ಸಲ ಹೋಗಿ ವಾಪಸ್ ಬಂದೆ.

ಹಳಬ: ಅಲ್ಲೇ ಕೈಚಳಕ ಇರೋದು. ಒಂದು ನಿಯಮ ಡೋರ್ ಹತ್ರ ಇಡು ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ. ನಾನಾದ್ರೆ ಒಂದು ಪಕ್ಕದ ಗೋಡೆಗೆ ನೆಲದ ಮೇಲೆ ಮಲಗಿಸಿ, ಬೆಲ್ಟ್ ಹಾಕಿ, ಅದನ್ನ ಎಲ್ಲದಕ್ಕಿಂತ ಮುಂಚೆ ಕೊಟ್ಟು ಬರ್ತೀನಿ. ಆ್ಯಪ್ ಮೂರನೇದು ಅಂದ್ರೂ ನನಗೆ ಒಂದನೇದು. ಒಬ್ಬನೇ ಎತ್ತೋ ಸಾಹಸ ಮಾತ್ರ ಬೇಡ.

ಹೊಸಬ: ಅಮೆರಿಕದ ನಯಾಶ್ ಅನ್ನೋ ಸರ್ಕಾರಿ ಸಂಸ್ಥೆಯ ಲೆಕ್ಕ ಓದಿದ್ದೆ. ಎಲ್ಲ ಅನುಕೂಲ ಇದ್ರೂ, ಅಂದ್ರೆ ಹಿಡಿ ಚೆನ್ನಾಗಿದ್ದು, ಸೊಂಟದ ಎತ್ತರದಲ್ಲಿದ್ದು, ಮೈಗೆ ಹತ್ತಿರ ಇದ್ದಾಗಲೂ 23 ಕಿಲೋ ಮಿತಿ. ತಿರುಚಿಕೊಂಡು, ಕೈ ಚಾಚಿ ಎತ್ತಿದ್ರೆ ಅದಕ್ಕಿಂತ ಎಷ್ಟೋ ಕಮ್ಮಿ.

ಹಳಬ: ನೋಡು, ಕೆಟ್ಟ ಲೋಡ್ ಅಂದ್ರೆ ಪ್ರತಿ ಸಲಾನೂ ತಿರುಚಿಕೊಂಡು, ಕೈ ಚಾಚಿ ಎತ್ತೋದೇ. ಹತ್ತು ಕಿಲೋ ಪೆಟ್ಟಿಗೆ ಇನ್ನೊಂದು ಪೆಟ್ಟಿಗೆ ಹಿಂದೆ ಇದ್ರೆ ಅದು ಹತ್ತು ಕಿಲೋ ಅಲ್ಲ. ನಮ್ಮವರ ಸೊಂಟ ಹಿಡಿಯೋದು ದೊಡ್ಡ ಫ್ರಿಜ್ ಎತ್ತಿ ಅಲ್ಲ, ಮೂಲೆಗೆ ಬಗ್ಗಿ ಎಣ್ಣೆ ಕ್ಯಾನ್ ಎಳೆದು.

ಹೊಸಬ: ಮಧ್ಯದಲ್ಲಿ ಓಡಾಡೋಕೆ ದಾರಿ ಬಿಡ್ತೀರಾ?

ಹಳಬ: ಒಬ್ಬ ಅಡ್ಡಡ್ಡ ನುಗ್ಗೋಷ್ಟು. ಜಾಗ ಸಾಲದೆ ಹೋದ್ರೆ ಆ ದಾರಿಯಲ್ಲೇ ಮೊದಲ ಅಂಗಡಿಗೆ ಕೊಡೋ ಬಲ್ಕ್ ಸಾಮಾನು ತುಂಬು. ಅದು ಇಳಿದ ಕೂಡ್ಲೇ ದಾರಿ ತೆರೆಯುತ್ತೆ. ಒಂದು ಏರಿಯಾ ಮುಗಿದ ಮೇಲೆ ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ ಮುಂದಿನ ಗುಂಪನ್ನ ಡೋರ್ ಕಡೆಗೆ ಎಳ್ಕೋ. ಮನೆ ಮನೆಗೂ ನಿಲ್ಲಿಸಿ ಎರಡೆರಡು ನಿಮಿಷ ಕೆದಕೋದಕ್ಕಿಂತ ಅದು ವಾಸಿ. ಕಿರಿದಾದ ಕ್ರಾಸಲ್ಲಿ ಹಿಂದಿನ ಡೋರ್ ತೆಗೆದು ನಿಂತ್ರೆ ಹಿಂದೆ ನಾಲ್ಕು ಆಟೋ ಹಾರ್ನ್ ಹೊಡೀತವೆ. ಆ ಗಾಬರಿಯಲ್ಲೇ ತಪ್ಪು ಪೆಟ್ಟಿಗೆ ತಪ್ಪು ಮನೆಗೆ ಹೋಗೋದು. ರಿಟರ್ನ್ ಬಂದದ್ದನ್ನ ಖಾಲಿಯಾದ ಒಳಮೂಲೆಗೆ ದೂಡು, ಕೊಡಬೇಕಾದ್ದರ ಜೊತೆ ಬೆರೆಸಬೇಡ.

ಹೊಸಬ: ಇದೆಲ್ಲ ಕಲೀತೀನಿ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೀಗೆ ಚೆನ್ನಾಗಿ ಸರಿಮಾಡ್ಕೊಂಡು ಹೋಗ್ತೀರಲ್ಲ, ಅದರಿಂದಲೇ ಅಲ್ವಾ ಇದು ಸರಿಹೋಗದೇ ಇರೋದು?

ಹಳಬ: ಹೇಗೆ?

ಹೊಸಬ: ಸಂಜೆ ಹಬ್ಬಿನಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಏನು ಕಾಣುತ್ತೆ? ತೊಂಬತ್ತಕ್ಕೆ ತೊಂಬತ್ತು ಡೆಲಿವರಿ. ಲೋಡ್ ಸರಿಯಾಗೇ ಇತ್ತು ಅಂದ್ಕೋತಾರೆ. ನೀವು ಬೆಳಿಗ್ಗೆ ಕಳೆದ ಮುಕ್ಕಾಲು ಗಂಟೆ ಯಾವ ಕಾಲಂನಲ್ಲೂ ಇಲ್ಲ. ನಾನು ಬೀದಿಯಲ್ಲಿ ಹುಡುಕಿದ್ದು ‘ಡ್ರೈವರ್ ನಿಧಾನ’ ಅಂತ ಬೀಳುತ್ತೆ. ತಡವಾಗಿದ್ದು ಲಾರಿ, ಅವಸರ ಪಟ್ಟಿದ್ದು ಲೋಡಿಂಗ್ ಹುಡುಗ, ನಿಧಾನ ಅನ್ನಿಸ್ಕೊಂಡಿದ್ದು ನಾನು.

ಹಳಬ: ಮಾತು ಸರಿಯಿದೆ. ಹಾಗಂತ ಸರಿಮಾಡದೆ ಹೋಗೋಕಾಗುತ್ತಾ? ನಮಗೆ ದುಡ್ಡು ಡೆಲಿವರಿ ಲೆಕ್ಕದಲ್ಲಿ. ಕೊಡದಿದ್ರೆ ನಷ್ಟ ನಮಗೇ.

ಹೊಸಬ: ನಿಮ್ಮಪ್ಪ ಮೇಜಿನ ಮುಂದೆ ಕಾಗದ ಜೋಡಿಸ್ತಿದ್ದಾಗ ಅದು ಡ್ಯೂಟಿ ಹೊತ್ತೋ, ಅವರ ಸ್ವಂತ ಹೊತ್ತೋ?

ಹಳಬ: ಡ್ಯೂಟಿನೇ. ಜೋಡಿಸೋದೂ ಕೆಲಸವೇ ಅಂತ ಎಲ್ಲರಿಗೂ ಗೊತ್ತಿತ್ತು.

ಹೊಸಬ: ಅಷ್ಟೇ ನಾನು ಹೇಳೋದು. ಕಾಲೇಜಲ್ಲಿ ಓದಿದ ನೆನಪಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಇತ್ತು. ಕೆಲಸದ ಹೊತ್ತು ಅಂದ್ರೆ ಗಾಡಿ ಓಡೋ ಹೊತ್ತು ಮಾತ್ರ ಅಲ್ಲ. ಲೋಡ್ ಮಾಡೋ, ಇಳಿಸೋ ಹೊತ್ತೂ ಅದರಲ್ಲಿ ಸೇರಿತ್ತು. ಆಮೇಲೆ ಆ ಕಾಯ್ದೇನ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಸಿದ್ರು. ಲೋಡಿಂಗ್ ಅನ್ನೋದು ಕೆಲಸ ಅಂತ ಒಪ್ಪೋದು ಏನೂ ಹೊಸ ವಿಷಯ ಅಲ್ಲ ಅಣ್ಣ. ಅರವತ್ತು ವರ್ಷದ ಹಿಂದೆಯೇ ಒಪ್ಪಿದ್ದಾರೆ.

ಹಳಬ: ಒಪ್ಪಿದ್ದಾರೆ, ಆದ್ರೆ ಯಾರ ಕಾರ್ಮಿಕರಿಗೆ? ಪೆಟ್ಟಿಗೆ ಮೇಲೆ ಒಂದು ಹೆಸರು, ಹಬ್ ನಡೆಸೋದು ಇನ್ನೊಬ್ಬರು, ಗಾಡಿ ಹಾಕಿರೋ ಕಾಂಟ್ರಾಕ್ಟರ್ ಮತ್ತೊಬ್ಬ. ಲೋಡಿಂಗ್ ಹುಡುಗರನ್ನ ಕಳಿಸೋನು ನಾಲ್ಕನೆಯವನು. ಕೇಳಿದ್ರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ.

ಹೊಸಬ: ಗಿಗ್ ಕಾರ್ಮಿಕರಿಗೆ ಅಂತ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂತಲ್ಲ. ಕಂಪನಿಗಳು ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಅನ್ನೋದು ಪೇಪರಲ್ಲಿ ದೊಡ್ಡದಾಗಿ ಬಂತು. ಅದರಲ್ಲೇ ಇನ್ನೊಂದು ಇದೆ: ಆ್ಯಪ್ ನಮ್ಮ ಕೆಲಸಾನ ಹೇಗೆ ಅಳೆಯುತ್ತೆ ಅನ್ನೋದನ್ನ ನಮಗೆ ತಿಳಿಸಬೇಕು. ನಾವು ಕೇಳಬೇಕಾದ್ದು ಅದನ್ನೇ. ನನ್ನ ಗಡಿಯಾರ ಎಲ್ಲಿ ಶುರುವಾಗುತ್ತೆ, ಹಬ್ ಗೇಟಲ್ಲೋ, ಲೋಡಿಂಗ್ ಜಾಗದಲ್ಲೋ?

ಹಳಬ: ಕಾಂಟ್ರಾಕ್ಟರ್ ಕೈಕೆಳಗಿರೋ ನಮ್ಮಂಥವರು ಆ ಕಾಯ್ದೆಗೆ ಬರ್ತೀವಾ ಅನ್ನೋ ಮಾತು ಆಮೇಲೆ. ಪ್ರಶ್ನೆ ಮಾತ್ರ ಚೆನ್ನಾಗಿದೆ. ನನ್ನ ಹತ್ರ ಒಂದು ಉತ್ತರ ಇದೆ, ಕಾನೂನಿನದ್ದಲ್ಲ. ಸರಿಮಾಡಬೇಕಾದ್ದನ್ನ ಹಬ್ ಒಳಗೇ ಸರಿಮಾಡು, ಬೀದಿಯಲ್ಲಲ್ಲ. ಬೀದಿಯಲ್ಲಿ ಮಾಡಿದ್ದು ನಿನಗೂ ನಿನ್ನ ಸೊಂಟಕ್ಕೂ ಮಾತ್ರ ಗೊತ್ತಿರುತ್ತೆ. ಹಬ್ ಒಳಗೆ ಮಾಡಿದ್ರೆ ಜಾಗ ಹಿಡಿಯುತ್ತೆ, ನಿನ್ನ ಹಿಂದಿನ ಗಾಡಿ ಕಾಯಬೇಕಾಗುತ್ತೆ, ಸೂಪರ್‌ವೈಸರ್ ಎದ್ದು ಬರ್ತಾನೆ.

ಹೊಸಬ: ಬಂದು ‘ಹೊರಡ್ರೋ’ ಅಂತಾನೆ.

ಹಳಬ: ಅಂದಾಗ ಫೋಟೋ ತೋರಿಸು. ಡೋರ್ ತೆಗೆದ ತಕ್ಷಣ ಒಂದು, ಸರಿಮಾಡಿದ ಮೇಲೆ ಒಂದು. ಎರಡರಲ್ಲೂ ಟೈಮ್ ಇರುತ್ತೆ. ಗ್ರೂಪ್‌ಗೆ ಹಾಕು, ಬೈಗುಳ ಬರೀಬೇಡ. ‘ಕೊನೆ ಲಾರಿ ಇಷ್ಟಕ್ಕೆ ಬಂತು, ಲೋಡ್ ಇಷ್ಟಕ್ಕೆ ಮುಗೀತು, ಮರುಜೋಡಣೆಗೆ ಇಷ್ಟು ನಿಮಿಷ’, ಅಷ್ಟೇ. ಆದ್ರೆ ಎರಡು ವಿಷಯಕ್ಕೆ ಫೋಟೋ ಸಾಲದು, ಗಾಡೀನೇ ತೆಗೀಬೇಡ. ಒಂದು, ಡೋರ್ ಮುಚ್ಚದೆ ಹಗ್ಗ ಕಟ್ಟಿ ಕಳಿಸಿದ್ರೆ. ಬಾಡಿಯಿಂದ ಆಚೆ ಚಾಚಿದ ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ ಬರೆದಿದ್ದಾರೆ. ರಸ್ತೇಲಿ ಸಿಕ್ಕಿಹಾಕ್ಕೊಳ್ಳೋದು ಲೋಡ್ ಮಾಡಿದವನಲ್ಲ. ಇನ್ನೊಂದು, ಲಿಸ್ಟಲ್ಲಿದ್ದು ಗಾಡಿಯಲ್ಲಿ ಇಲ್ಲದ ಪಾರ್ಸೆಲ್. ಅದನ್ನ ಗೇಟ್ ದಾಟೋ ಮುಂಚೆ ಬರೆಸು. ದಾಟಿದ ಮೇಲೆ ಅದು ನಿನ್ನ ತಲೆಗೆ.

ಹೊಸಬ: ಈ ಪೊಟ್ಟಣಾನೂ ಹಾಗೇ ಇರಬಹುದು. ಬೇರೆ ಗಾಡಿಗೆ ಹೋಗಿರಬೇಕು. ‘ಬಾಗಿಲು ಹಾಕಿತ್ತು’ ಅಂತ ಒತ್ತಿಬಿಡಲಾ? ನಾಳೆ ತಾನಾಗೇ ಮತ್ತೆ ಬರುತ್ತೆ.

ಹಳಬ: ಒತ್ತಬೇಡ. ಮನೇಲಿ ಮೂರು ಜನ ಕಾಯ್ತಾ ಕೂತಿರ್ತಾರೆ, ‘ಗ್ರಾಹಕರು ಲಭ್ಯವಿರಲಿಲ್ಲ’ ಅಂತ ಮೆಸೇಜ್ ಹೋಗುತ್ತೆ. ಡ್ರೈವರ್ ಬರಲೇ ಇಲ್ಲ, ಸೋಮಾರಿ ಅಂದ್ಕೋತಾರೆ. ಅಂಥ ಎಷ್ಟೋ ಮೆಸೇಜಿನ ಹಿಂದೆ ಹೀಗೆ ಕಳೆದುಹೋದ ಪೊಟ್ಟಣ ಇರುತ್ತೆ, ಅದು ಅವರಿಗೆ ಗೊತ್ತಾಗೋದು ಹೇಗೆ? ನೀನೇ ಬಾಗಿಲು ಹಾಕಿತ್ತು ಅಂತ ಬರೆದ್ರೆ ಲೋಡಿಂಗ್ ತಪ್ಪನ್ನ ಆ ಅಮ್ಮನ ತಲೆಗೆ ಕಟ್ಟಿದ ಹಾಗಾಯ್ತು. ಮೂರನೇ ಹಂತದ ಗಾಡಿಯವನಿಗೆ ಫೋನ್ ಮಾಡು, 70 ಬದಲು 85ರ ರಾಶಿಗೆ ಬಿದ್ದಿರುತ್ತೆ. ಸಿಕ್ಕಿದ್ರೆ ಮಧ್ಯದಲ್ಲಿ ಎಲ್ಲಾದ್ರೂ ಕೈ ಬದಲಾಯಿಸ್ಕೊಳ್ಳಿ. ಸಿಗಲಿಲ್ವಾ, ‘ಪಾರ್ಸೆಲ್ ಗಾಡಿಯಲ್ಲಿಲ್ಲ’ ಅಂತಲೇ ಒತ್ತು.

ಹೊಸಬ: ಒತ್ತಿದ್ರೆ ಸಂಜೆ ವಿಚಾರಣೆ.

ಹಳಬ: ಆಗಲಿ. ವಿಚಾರಣೆ ಆದ್ರೆ ತಾನೇ ಗೊತ್ತಾಗೋದು?

ಹೊಸಬ: ಈಗ ನೀವು ನನ್ನ ಮಾತು ಆಡ್ತಿದೀರಿ.

ಹಳಬ: ಆಡಿಸಿದ್ದು ನೀನೇ. ಇನ್ನೊಂದು ಮಾಡು. ಬೆಳಿಗ್ಗೆ ಆ ಹುಡುಗನ ಜೊತೆ ಐದು ನಿಮಿಷ ನಿಂತ್ಕೋ. ಬೈಯೋಕಲ್ಲ. ‘ಈ ನಾಲ್ಕು ಗುಂಪು, ಇದು ಕೊನೆಗೆ ಕೊಡೋದು, ಮೊದಲು ಒಳಗೆ ಹಾಕು’ ಅಂತ ಅವನಿಗೆ ಗೊತ್ತಾಗೋ ಭಾಷೇಲಿ ಹೇಳು. ನನ್ನ ಗಾಡಿ ತುಂಬೋ ಹುಡುಗನಿಗೆ ಒಂದು ಸಲ ಖಾಲಿ ಗಾಡಿಯೊಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೊಟ್ಟೆ. ಆವತ್ತಿನಿಂದ ಪೂರ್ತಿ ಸರಿಯಾಯ್ತು ಅಂತಲ್ಲ, ಆದ್ರೆ ಟ್ರೆಡ್‌ಮಿಲ್ ಯಾವತ್ತೂ ಫ್ಯಾನ್‌ಗೆ ಒರಗಿಲ್ಲ. ಅವನಿಗೂ ಯಾರೋ ದಾರಿ ಹೇಳಿದ್ದು ಅದೇ ಮೊದಲು.

ಹೊಸಬ: ಹೇಳ್ತೀನಿ. ಆದ್ರೆ ಲಾರಿ ಆರಕ್ಕೆ ಬಂದ ದಿನ ಸೀಮೆಸುಣ್ಣದ ಗೆರೆ ಏನು ಮಾಡುತ್ತೆ? ನಮ್ಮ ಸಾಲಿನ ಗಾಡಿಯವರೆಲ್ಲ ಸೇರಿ ಒಂದು ಕಾಗದ ಕೊಡೋಣ. ಲಾರಿ ತಡವಾದ ದಿನ ಹೊರಡೋ ಹೊತ್ತೂ ಅಷ್ಟೇ ಮುಂದೆ ಹೋಗಲಿ, ಮರುಜೋಡಣೆಯ ಹೊತ್ತು ನಮ್ಮ ಲೆಕ್ಕಕ್ಕೆ ಬರಲಿ. ಎರಡೇ ಬೇಡಿಕೆ. ಲೋಡಿಂಗ್ ಹುಡುಗರ ಸಹಿಯನ್ನೂ ಕೇಳ್ತೀನಿ. ಆ ಅವಸರ ಅವರಿಗೂ ಬೇಕಾಗಿಲ್ಲ.

ಹಳಬ: ಆಗಲ್ಲ ಅಂತಾರೆ, ನೋಡ್ತಿರು.

ಹೊಸಬ: ಅನ್ನಲಿ. ಆಗಲ್ಲ ಅಂದವರು ಯಾರು ಅನ್ನೋದಾದ್ರೂ ಗೊತ್ತಾಗುತ್ತೆ. ಈಗ ಯಾರೂ ಕೇಳಿಲ್ಲ, ಅದಕ್ಕೆ ಯಾರೂ ‘ಆಗಲ್ಲ’ ಅಂದಿಲ್ಲ. ನೀವು ಮೊದಲ ಸಹಿ ಹಾಕ್ತೀರಾ?

ಹಳಬ: ಮೊದಲ ಸಹಿ ನಿನ್ನದು, ಬರೆಯೋನು ನೀನಲ್ವಾ. ಎರಡನೇದು ನನ್ನದು. ಬಾ, ಮೊದಲು ಆ ಟ್ರೆಡ್‌ಮಿಲ್ ಇಳಿಸೋಣ. ನೀನು ಆ ಕಡೆ ಹಿಡಿ.